ಅಟ್ಟಕ್ಕೊಂದು ಕಂಬಳಿ, ತೆರಿಗೆಗೊಂದು ಕತ್ತರಿ

1977ರ ಫೆಬ್ರುವರಿ 2ರ ರಾತ್ರಿ. ಅಧಿಕಾರ ವಹಿಸಿಕೊಂಡು ಇನ್ನೂ ಎರಡು ವಾರ ತುಂಬಿರದ ಅಮೆರಿಕದ ಅಧ್ಯಕ್ಷ ಜಿಮ್ಮಿ ಕಾರ್ಟರ್ ಟೆಲಿವಿಷನ್ ಮೂಲಕ ದೇಶದೊಂದಿಗೆ ಮಾತನಾಡಲು ಕುಳಿತರು. ಅಧ್ಯಕ್ಷರೆಂದರೆ ಗರಿಗರಿ ಸೂಟಿನಲ್ಲೇ ಕಾಣಿಸಿಕೊಳ್ಳಬೇಕೆಂದು ನಂಬಿದ್ದ ಜನರಿಗೆ ಅಂದು ಅಚ್ಚರಿ ಕಾದಿತ್ತು. ಕಾರ್ಟರ್ ಮೈಮೇಲಿದ್ದುದು ಉಣ್ಣೆಯ ಸ್ವೆಟರ್. ಪಕ್ಕದಲ್ಲಿ ಅಗ್ಗಿಷ್ಟಿಕೆ ಉರಿಯುತ್ತಿತ್ತು. ಮನೆಯ ಶಾಖವನ್ನು ಹಗಲು 65 ಡಿಗ್ರಿ ಫ್ಯಾರನ್‌ಹೀಟ್‌ಗೆ, ರಾತ್ರಿ 55 ಡಿಗ್ರಿಗೆ ಇಳಿಸಿಕೊಳ್ಳಿ ಎಂದು ಅವರು ಕೇಳಿಕೊಂಡರು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಹಗಲು ಸುಮಾರು 18, ರಾತ್ರಿ ಸುಮಾರು 13 ಡಿಗ್ರಿ ಸೆಲ್ಸಿಯಸ್. ಡಿಸೆಂಬರ್‌ನ ಬೆಳಗಿನ ಜಾವ ಬೆಂಗಳೂರಿನಲ್ಲಿ ಬಯಲಲ್ಲಿ ನಿಂತಂತೆ!

ಕೇಳಿಕೊಳ್ಳಲು ಕಾರಣವಿತ್ತು. ಆ ವರ್ಷದ ಚಳಿಗಾಲ ಅಸಾಧಾರಣವಾಗಿತ್ತು. ಜನವರಿಯಲ್ಲಿ ಸದಾ ಬೆಚ್ಚಗಿರುವ ಮಯಾಮಿ ನಗರದಲ್ಲೂ ಹಿಮ ಉದುರಿತ್ತು. ತಿಂಗಳ ಕೊನೆಗೆ ಬಫಲೊ ನಗರವನ್ನು ಹಿಮಬಿರುಗಾಳಿ ಹೂತುಹಾಕಿತ್ತು. ಮನೆಗಳನ್ನು ಬೆಚ್ಚಗಿಡುವ ನೈಸರ್ಗಿಕ ಅನಿಲ ಸಾಲದೆ ಶಾಲೆಗಳೂ ಕಾರ್ಖಾನೆಗಳೂ ಬಾಗಿಲು ಹಾಕಿದ್ದವು. ಲಕ್ಷಾಂತರ ಕಾರ್ಮಿಕರು ಕೆಲಸವಿಲ್ಲದೆ ಕುಳಿತಿದ್ದರು.

ಸ್ವೆಟರ್ ತೊಟ್ಟರೆ ಒಂದು ರಾತ್ರಿ ಕಳೆದೀತು. ಆದರೆ ಗೋಡೆ, ಕಿಟಕಿ, ಅಟ್ಟಗಳ ಸಂದಿಯಿಂದ ಶಾಖ ಸೋರಿಹೋಗುವ ಮನೆಯನ್ನು ಏನು ಮಾಡುವುದು? ಅಮೆರಿಕದ ಸರ್ಕಾರ ಇದಕ್ಕೆ ಕಂಡುಕೊಂಡ ಉತ್ತರ ತೆರಿಗೆಯ ಕಾಗದದಲ್ಲಿತ್ತು. ಮನೆಯ ಸಂದುಗೊಂದುಗಳನ್ನು ಮುಚ್ಚಿಸಿದವನ ಆದಾಯ ತೆರಿಗೆಯಲ್ಲಿ ಒಂದಿಷ್ಟು ಕಡಿಮೆ ಮಾಡುವುದು, ಅಂದರೆ ದುರಸ್ತಿಯ ಖರ್ಚಿನಲ್ಲಿ ಸರ್ಕಾರವೂ ಪಾಲು ಹೊರುವುದು. 1978ರಲ್ಲಿ ಹುಟ್ಟಿದ ಈ ಯೋಜನೆ 1985ರಲ್ಲಿ ಸತ್ತಿತು, 2006ರಲ್ಲಿ ಮರುಹುಟ್ಟು ಪಡೆಯಿತು, ಹಲವು ಬಾರಿ ಉಸಿರು ನಿಂತು ಮತ್ತೆ ಬಂತು. 2025ರ ಡಿಸೆಂಬರ್ 31ಕ್ಕೆ ಮತ್ತೊಮ್ಮೆ ಕೊನೆಗೊಂಡಿತು. ಮನೆ ಎಂಬುದು ಐವತ್ತು, ನೂರು ವರ್ಷ ಬಾಳುವ ವಸ್ತು. ಅದನ್ನು ಸರಿಪಡಿಸಲು ಕೊಟ್ಟ ಭರವಸೆ ಮಾತ್ರ ಒಂದು ದಶಕವೂ ನೆಟ್ಟಗೆ ನಿಲ್ಲಲಿಲ್ಲ. ಅಮೆರಿಕದ ಈ ಅರ್ಧ ಶತಮಾನದ ಅನುಭವದಲ್ಲಿ ಇತರರಿಗೂ ಪಾಠವಿದೆ.

ತೈಲ ನಿಂತ ವರ್ಷ

ಎರಡನೇ ಮಹಾಯುದ್ಧದ ನಂತರದ ಅಮೆರಿಕದಲ್ಲಿ ಇಂಧನ ಅಗ್ಗವಾಗಿತ್ತು. ನಗರದ ಹೊರವಲಯಗಳಲ್ಲಿ ಲಕ್ಷಗಟ್ಟಲೆ ಮನೆಗಳು ಎದ್ದವು. ಕಟ್ಟುವವರಿಗೆ ಬೇಕಾಗಿದ್ದುದು ವೇಗ, ಕೊಳ್ಳುವವರಿಗೆ ಬೇಕಾಗಿದ್ದುದು ಕಡಿಮೆ ಬೆಲೆ. ಗೋಡೆ ಎಷ್ಟು ತೆಳು, ಅಟ್ಟದಲ್ಲಿ ಶಾಖ ತಡೆಯುವ ಪದರವಿದೆಯೇ ಎಂದು ಕೇಳುವವರು ವಿರಳ. ಚಳಿಯಾದರೆ ಗೋಡೆಯ ಮೇಲಿನ ಥರ್ಮೋಸ್ಟಾಟ್‌ನ ಗುಂಡಿ ತಿರುಗಿಸಿದರಾಯಿತು. ನೆಲಮಾಳಿಗೆಯ ಫರ್ನೇಸ್ ಇನ್ನಷ್ಟು ಎಣ್ಣೆಯನ್ನೋ ಅನಿಲವನ್ನೋ ಸುಟ್ಟು ಮನೆಯನ್ನು ಬೆಚ್ಚಗೆ ಮಾಡುತ್ತಿತ್ತು.

1973ರ ಅಕ್ಟೋಬರ್‌ನಲ್ಲಿ ಈ ಸುಖಕ್ಕೆ ಪೆಟ್ಟು ಬಿತ್ತು. ಅರಬ್–ಇಸ್ರೇಲ್ ಯುದ್ಧದಲ್ಲಿ ಇಸ್ರೇಲಿಗೆ ಬೆಂಬಲವಾಗಿ ನಿಂತ ಅಮೆರಿಕಕ್ಕೆ ಅರಬ್ ರಾಷ್ಟ್ರಗಳು ತೈಲ ಮಾರಾಟವನ್ನು ನಿಲ್ಲಿಸಿದವು. ಪೀಪಾಯಿಗೆ ಸುಮಾರು 3 ಡಾಲರ್ ಇದ್ದ ಕಚ್ಚಾ ತೈಲದ ದರ ಕೆಲವೇ ತಿಂಗಳಲ್ಲಿ ಸುಮಾರು 12 ಡಾಲರಿಗೆ ಏರಿತು. ಪೆಟ್ರೋಲ್ ಬಂಕ್‌ಗಳ ಮುಂದೆ ಮೈಲುದ್ದದ ಸಾಲುಗಳು ಬೆಳೆದವು. ಅಂದಿನ ಅಧ್ಯಕ್ಷ ರಿಚರ್ಡ್ ನಿಕ್ಸನ್ ಮನೆಯ ಶಾಖ ತಗ್ಗಿಸುವಂತೆ ಜನರಿಗೆ ಕರೆ ನೀಡಿದರು. ಹೆದ್ದಾರಿಯಲ್ಲಿ ಗಂಟೆಗೆ 55 ಮೈಲಿಯ ವೇಗಮಿತಿ ಬಂತು. 1974ರ ಮಾರ್ಚ್‌ನಲ್ಲಿ ನಿರ್ಬಂಧ ತೆರವಾದರೂ ದರ ಹಳೆಯ ಮಟ್ಟಕ್ಕೆ ಇಳಿಯಲಿಲ್ಲ.

ಇಂಧನ ಉಳಿಸುವುದೆಂದರೆ ಚಳಿ ಸಹಿಸುವುದು, ನಿಧಾನ ಓಡಿಸುವುದು, ದೀಪ ಆರಿಸುವುದು ಎಂಬ ಭಾವನೆ ಬಲವಾಗಿದ್ದುದು ಈ ದಿನಗಳಲ್ಲಿ. ಅದು ದೇಶಭಕ್ತಿಯ ತ್ಯಾಗ. ಆದರೆ ತ್ಯಾಗವನ್ನು ವರ್ಷಗಟ್ಟಲೆ ನಡೆಸಲಾಗದು. ಸೌಖ್ಯ ಕೆಡದಂತೆ ಇಂಧನ ಉಳಿಸಲು ಸಾಧ್ಯವೇ ಎಂಬ ಪ್ರಶ್ನೆಗೆ ಉತ್ತರ ಹುಡುಕಿದವರು ವಿಜ್ಞಾನಿಗಳು.

ತೂತು ಮಡಕೆ

ನ್ಯೂಜೆರ್ಸಿಯ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಬಳಿ ಟ್ವಿನ್ ರಿವರ್ಸ್ ಎಂಬ ಹೊಸ ಬಡಾವಣೆಯಿತ್ತು. ಒಂದೇ ನಕ್ಷೆಯಲ್ಲಿ, ಒಂದೇ ಸಾಮಗ್ರಿಯಲ್ಲಿ ಕಟ್ಟಿದ ಸಾಲುಮನೆಗಳು. ರಾಬರ್ಟ್ ಸೊಕೊಲೊ ಮತ್ತು ಅವರ ಸಹೋದ್ಯೋಗಿಗಳು 1970ರ ದಶಕದಲ್ಲಿ ಅಲ್ಲಿನ ಮನೆಗಳಿಗೆ ಮಾಪಕಗಳನ್ನು ಅಳವಡಿಸಿ ವರ್ಷಗಟ್ಟಲೆ ಅಧ್ಯಯನ ನಡೆಸಿದರು. ಅವಳಿ ಜವಳಿಯಂತಿದ್ದ ಮನೆಗಳಲ್ಲೇ ಒಂದು ಮನೆ ಇನ್ನೊಂದಕ್ಕಿಂತ ಎರಡು ಪಟ್ಟು ಇಂಧನ ಸುಡುತ್ತಿತ್ತು. ಮನೆಗೆ ಹೊಸ ಸಂಸಾರ ಬಂದರೆ ಖರ್ಚಿನ ಅಂಕಿಯೂ ಬದಲಾಗುತ್ತಿತ್ತು. ಅಂದರೆ ಖರ್ಚು ಗೋಡೆಯಲ್ಲಿ ಅರ್ಧ, ಒಳಗಿದ್ದವರ ಅಭ್ಯಾಸದಲ್ಲಿ ಅರ್ಧ.

ಅದಕ್ಕಿಂತ ಕುತೂಹಲದ ಸಂಗತಿ ಅಟ್ಟದಲ್ಲಿ ಸಿಕ್ಕಿತು. ಅಟ್ಟದ ನೆಲಕ್ಕೆ ಶಾಖನಿರೋಧಕ ಹಾಸಿದ್ದರೂ ಲೆಕ್ಕಕ್ಕಿಂತ ಹಲವು ಪಟ್ಟು ಶಾಖ ಅಲ್ಲಿಂದ ಹೋಗುತ್ತಿತ್ತು. ಹುಡುಕಿದಾಗ ಹೊಗೆಕೊಳವೆಯ ಸುತ್ತ ಬಿಟ್ಟಿದ್ದ ಸಂದಿ, ಎರಡು ಮನೆಗಳ ನಡುವಿನ ಟೊಳ್ಳು ಇಟ್ಟಿಗೆಯ ಗೋಡೆ ಕಣ್ಣಿಗೆ ಬಿದ್ದವು. ಬಿಸಿಗಾಳಿ ಮೇಲಕ್ಕೇರುವ ಸ್ವಭಾವದ್ದು. ಕೆಳಗಿನ ಕೋಣೆಯಲ್ಲಿ ಹಣ ತೆತ್ತು ಕಾಸಿದ ಗಾಳಿ ಈ ಕಳ್ಳದಾರಿಗಳಲ್ಲಿ ನುಸುಳಿ ಅಟ್ಟ ಸೇರಿ ಆಕಾಶಕ್ಕೆ ಹೋಗುತ್ತಿತ್ತು. ತೂತು ಮಡಕೆಗೆ ನೀರು ತುಂಬಿದ ಹಾಗೆ. ಸಂದಿ ಮುಚ್ಚಿ, ಕಿಟಕಿಗೆ ಇನ್ನೊಂದು ಪದರ ಹಾಕಿ, ಅಟ್ಟಕ್ಕೆ ದಪ್ಪ ಹೊದಿಕೆ ಹೊದಿಸಿದ ಒಂದು ಪ್ರಯೋಗದ ಮನೆಯಲ್ಲಿ ಚಳಿಗಾಲದ ಇಂಧನ ಮೂರನೇ ಒಂದು ಭಾಗಕ್ಕೆ ಇಳಿಯಿತು. ಒಳಗಿದ್ದವರು ಸ್ವೆಟರ್ ತೊಡಬೇಕಾಗಲಿಲ್ಲ.

ಬಾಗಿಲಿಗೆ ದೊಡ್ಡ ಫ್ಯಾನ್ ಕೂಡಿಸಿ ಮನೆಯ ಗಾಳಿಯನ್ನು ಹೊರಗೆಳೆದು, ಎಲ್ಲಿಂದ ಗಾಳಿ ನುಗ್ಗುತ್ತದೆಂದು ಪತ್ತೆ ಹಚ್ಚುವ ಕೆಲಸಕ್ಕೆ ಇಳಿದವರನ್ನು ಪ್ರಿನ್ಸ್‌ಟನ್ನಿನವರು ‘ಮನೆ ವೈದ್ಯರು’ ಎಂದು ಕರೆದರು. ರೋಗ ಎಲ್ಲಿದೆ ಎಂದು ತಿಳಿದ ಮೇಲೆ ಉಳಿದದ್ದು ಔಷಧದ ಖರ್ಚು ಯಾರು ಕೊಡಬೇಕೆಂಬ ಪ್ರಶ್ನೆ.

ನೂರಕ್ಕೆ ಹದಿನೈದು

1977ರ ಏಪ್ರಿಲ್ 18ರಂದು ಕಾರ್ಟರ್ ಮತ್ತೆ ಟೆಲಿವಿಷನ್‌ನಲ್ಲಿ ಕಾಣಿಸಿಕೊಂಡು ಇಂಧನದ ಸವಾಲನ್ನು ಯುದ್ಧಕ್ಕೆ ಹೋಲಿಸಿದರು. 1985ರ ಹೊತ್ತಿಗೆ ದೇಶದ ಶೇ. 90ರಷ್ಟು ಮನೆಗಳಿಗೆ ಶಾಖನಿರೋಧಕ ಹೊದಿಸಬೇಕು, 25 ಲಕ್ಷಕ್ಕೂ ಹೆಚ್ಚು ಮನೆಗಳು ಸೌರಶಕ್ತಿ ಬಳಸಬೇಕು ಎಂಬುದು ಅವರು ಮುಂದಿಟ್ಟ ಗುರಿ. ಎರಡು ದಿನಗಳ ನಂತರ, ಏಪ್ರಿಲ್ 20ರಂದು, ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ಮುಂದೆ ಯೋಜನೆಯನ್ನು ಮಂಡಿಸಿದರು. ಸೆನೆಟ್ ಮತ್ತು ಪ್ರತಿನಿಧಿ ಸಭೆಗಳಲ್ಲಿ ಒಂದೂವರೆ ವರ್ಷ ಜಗ್ಗಾಟ ನಡೆದು, 1978ರ ನವೆಂಬರ್ 9ರಂದು ಐದು ಕಾನೂನುಗಳ ಒಂದು ಕಟ್ಟು ಅಧ್ಯಕ್ಷರ ಸಹಿ ಪಡೆಯಿತು. ಅವುಗಳಲ್ಲಿ ಒಂದು ಇಂಧನ ತೆರಿಗೆ ಕಾಯ್ದೆ.

ಅದರ ಲೆಕ್ಕ ಸರಳವಾಗಿತ್ತು. ಸ್ವಂತ ವಾಸದ ಮನೆಗೆ ಇಂಧನ ಉಳಿಸುವ ಕೆಲಸ ಮಾಡಿಸಿದರೆ, ಮೊದಲ 2,000 ಡಾಲರ್ ಖರ್ಚಿನ ಶೇ. 15ರಷ್ಟು, ಅಂದರೆ ಗರಿಷ್ಠ 300 ಡಾಲರ್, ಕಟ್ಟಬೇಕಾದ ಆದಾಯ ತೆರಿಗೆಯಲ್ಲಿ ಕಡಿಮೆ. ಅಟ್ಟ ಮತ್ತು ಗೋಡೆಯ ಶಾಖನಿರೋಧಕ, ಕಿಟಕಿ ಬಾಗಿಲುಗಳ ಎರಡನೇ ಪದರ, ಸಂದಿ ಮುಚ್ಚುವ ಪಟ್ಟಿ, ಗಡಿಯಾರ ಜೋಡಿಸಿದ ಥರ್ಮೋಸ್ಟಾಟ್, ಫರ್ನೇಸಿನ ಹೊಸ ಬರ್ನರ್ ಮುಂತಾದವು ಪಟ್ಟಿಯಲ್ಲಿದ್ದವು. ಬಿಸಿಲಿನಿಂದ ನೀರು ಕಾಯಿಸುವ, ಮನೆ ಬೆಚ್ಚಗಿಡುವ ಸೌರ ಸಾಧನಗಳಿಗೆ ಇನ್ನೂ ಉದಾರವಾದ ದರ. ಮೊದಲ 2,000 ಡಾಲರಿಗೆ ಶೇ. 30, ಮುಂದಿನ 8,000 ಡಾಲರಿಗೆ ಶೇ. 20, ಒಟ್ಟು 2,200 ಡಾಲರ್‌ವರೆಗೆ ರಿಯಾಯಿತಿ.

ಅಮೆರಿಕದಲ್ಲಿ ಇದಕ್ಕೆ ‘ಟ್ಯಾಕ್ಸ್ ಕ್ರೆಡಿಟ್’ ಎನ್ನುತ್ತಾರೆ. ನಮ್ಮಲ್ಲಿ 1990ರ ದಶಕದಲ್ಲಿ ಸಂಬಳಕ್ಕೆ ತೆರಿಗೆ ಕಟ್ಟಿದವರಿಗೆ ಇದು ಹೊಸದಲ್ಲ. ಆಗಿದ್ದ 88ನೇ ಸೆಕ್ಷನ್ನಿನಂತೆ ಜೀವವಿಮೆ, ಭವಿಷ್ಯನಿಧಿಗಳಲ್ಲಿ ತೊಡಗಿಸಿದ ಹಣದ ಶೇ. 20ರಷ್ಟನ್ನು, ಒಂದು ಮಿತಿಯೊಳಗೆ, ತೆರಿಗೆಯಿಂದಲೇ ಕಳೆಯಲಾಗುತ್ತಿತ್ತು. 2005ರಲ್ಲಿ ಅದರ ಜಾಗಕ್ಕೆ ಬಂದ 80ಸಿ ಸೆಕ್ಷನ್ನಿನಲ್ಲಿ ಹಣ ಕಳೆಯುವುದು ಆದಾಯದಿಂದ. ವ್ಯತ್ಯಾಸ ಸಣ್ಣದಲ್ಲ. ಆದಾಯದಿಂದ ಕಳೆದರೆ ಹೆಚ್ಚಿನ ದರದಲ್ಲಿ ತೆರಿಗೆ ಕಟ್ಟುವ ಸಿರಿವಂತನಿಗೆ ಲಾಭ ಹೆಚ್ಚು. ತೆರಿಗೆಯಿಂದಲೇ ಕಳೆದರೆ ಗುಮಾಸ್ತನಿಗೂ ಮ್ಯಾನೇಜರಿಗೂ ಒಂದೇ ಲಾಭ. ಆದರೆ ಇಬ್ಬರೂ ತೆರಿಗೆ ಕಟ್ಟುವವರಾಗಿರಬೇಕು. ಈ ಷರತ್ತು ಮುಂದೆ ದೊಡ್ಡ ಪ್ರಶ್ನೆಯಾಗಿ ಬೆಳೆಯಿತು.

ಕಾಯ್ದೆಯಲ್ಲಿ ಒಂದು ಜಾಣತನವೂ ಇತ್ತು. ಸಹಿ ಬಿದ್ದುದು 1978ರ ನವೆಂಬರ್‌ನಲ್ಲಾದರೂ, ಕಾರ್ಟರ್ ಯೋಜನೆ ಮಂಡಿಸಿದ 1977ರ ಏಪ್ರಿಲ್ 20ರಿಂದ ಮಾಡಿದ ಖರ್ಚಿಗೆಲ್ಲ ರಿಯಾಯಿತಿ ಅನ್ವಯಿಸಿತು. ‘ಕಾನೂನು ಬರಲಿ, ಆಮೇಲೆ ಮಾಡಿಸೋಣ’ ಎಂದು ಜನ ಕೈಕಟ್ಟಿ ಕೂರಬಾರದೆಂಬುದು ಉದ್ದೇಶ. ಶಾಖನಿರೋಧಕದಂಥ ಕೆಲಸಕ್ಕೆ ಆ ದಿನಾಂಕಕ್ಕೆ ಮೊದಲು ಕಟ್ಟಿದ ಮನೆಯೇ ಆಗಿರಬೇಕಿತ್ತು. ಹೊಸ ಮನೆಯನ್ನು ಮೊದಲೇ ಸರಿಯಾಗಿ ಕಟ್ಟಲಿ, ಸಹಾಯ ಬೇಕಾದುದು ಹಳೆಯ ಮನೆಗೆ ಎಂಬ ತರ್ಕ. ಇದನ್ನು ಕೋರಲು ಭರ್ತಿ ಮಾಡಬೇಕಾದ ಅರ್ಜಿಯ ಸಂಖ್ಯೆ 5695. ದಶಕಗಳ ನಂತರ ಯೋಜನೆ ಮರಳಿ ಬಂದಾಗಲೂ ಅದೇ ಸಂಖ್ಯೆ ಉಳಿಯಿತು.

ಬೇಡಿಕೆ ಏರಿದಂತೆ ಪೇಚಾಟಗಳೂ ಬಂದವು. ಗಾಜಿನ ಎಳೆಯ ಶಾಖನಿರೋಧಕಕ್ಕೆ ಕೊರತೆಯಾಗಿ ಬೆಲೆ ಏರಿತು. ಹಳೆಯ ದಿನಪತ್ರಿಕೆಗಳನ್ನು ನುಣ್ಣಗೆ ಹರಿದು, ಬೆಂಕಿ ಹತ್ತದಂತೆ ರಾಸಾಯನಿಕ ಬೆರೆಸಿ ಅಟ್ಟಕ್ಕೆ ತುಂಬುವ ಪದ್ಧತಿ ಜನಪ್ರಿಯವಾಯಿತು. ಆದರೆ ರಾಸಾಯನಿಕವನ್ನು ಸರಿಯಾಗಿ ಬೆರೆಸದ ಮಾಲು ಪೇಟೆಗೆ ನುಗ್ಗಿದಾಗ ಬೆಂಕಿಯ ಭಯ ಹುಟ್ಟಿ, 1978ರಲ್ಲೇ ಕಾಂಗ್ರೆಸ್ ಅದಕ್ಕೊಂದು ತುರ್ತು ಸುರಕ್ಷತಾ ಕಾನೂನು ಮಾಡಬೇಕಾಯಿತು.

ಶ್ವೇತಭವನದ ಮಾಳಿಗೆ

1979ರ ಜೂನ್ 20ರಂದು ಕಾರ್ಟರ್ ಪತ್ರಕರ್ತರನ್ನು ಶ್ವೇತಭವನದ ಮಾಳಿಗೆಗೆ ಕರೆದೊಯ್ದರು. ಅಲ್ಲಿ ನೀರು ಕಾಯಿಸುವ 32 ಸೌರ ಫಲಕಗಳನ್ನು ಜೋಡಿಸಲಾಗಿತ್ತು. ಒಂದು ತಲೆಮಾರು ಕಳೆದ ಮೇಲೆ ಈ ಸಾಧನ ವಸ್ತುಸಂಗ್ರಹಾಲಯದ ಕುತೂಹಲವಾಗಿ ಉಳಿಯಬಹುದು, ಇಲ್ಲವೇ ದೇಶದ ಮಹಾ ಸಾಹಸವೊಂದರ ಸಣ್ಣ ಭಾಗವಾಗಬಹುದು ಎಂಬ ಅರ್ಥದ ಮಾತನ್ನು ಅವರು ಅಂದು ಆಡಿದರು.

ಆ ವರ್ಷ ಇರಾನಿನ ಕ್ರಾಂತಿಯಿಂದಾಗಿ ತೈಲದ ದರ ಮತ್ತೆ ನೆಗೆಯಿತು. 1980ರಲ್ಲಿ ಬಂದ ಇನ್ನೊಂದು ಕಾನೂನು ಸೌರ ಸಾಧನಗಳ ರಿಯಾಯಿತಿಯನ್ನು ಶೇ. 40ಕ್ಕೆ, ಗರಿಷ್ಠ 4,000 ಡಾಲರಿಗೆ ಏರಿಸಿತು. ಸೌರ ಹೀಟರ್ ಮಾರುವ ಕಂಪನಿಗಳು ಅಣಬೆಗಳಂತೆ ಎದ್ದವು. ಸರ್ಕಾರ ಪಾಲು ಕೊಡುತ್ತಿದ್ದುದು ಸಾಧನದ ಬೆಲೆಯ ಮೇಲೆ. ಅದು ಎಷ್ಟು ನೀರು ಕಾಯಿಸುತ್ತದೆ ಎಂಬುದರ ಮೇಲಲ್ಲ. ಒಳ್ಳೆಯ ಕೆಲಸಗಾರರ ನಡುವೆ ಅರೆಬರೆ ಕಲಿತವರೂ ಸೇರಿಕೊಂಡರು. ಸೋರುವ ಕೊಳವೆ, ಚಳಿಗೆ ಒಡೆಯುವ ಫಲಕಗಳಿಂದ ಸೌರಶಕ್ತಿಗೇ ಕೆಟ್ಟ ಹೆಸರು ಬಂತು.

1981ರಲ್ಲಿ ಅಧಿಕಾರಕ್ಕೆ ಬಂದ ರೊನಾಲ್ಡ್ ರೇಗನ್ ಸರ್ಕಾರಕ್ಕೆ ಈ ಯೋಜನೆಯಲ್ಲಿ ಒಲವಿರಲಿಲ್ಲ. 1978ರ ಕಾಯ್ದೆಯಲ್ಲೇ ಬರೆದಿದ್ದಂತೆ 1985ರ ಡಿಸೆಂಬರ್ 31ಕ್ಕೆ ಮನೆಗಳ ರಿಯಾಯಿತಿ ಮುಗಿಯಿತು. ಮುಂದುವರಿಸುವವರು ಇರಲಿಲ್ಲ. ಅದೇ ಹೊತ್ತಿಗೆ ತೈಲದ ಪೇಟೆಯೂ ಕುಸಿಯಿತು. 1986ರ ಮಧ್ಯಭಾಗಕ್ಕೆ ದರ ಹಿಂದಿನ ವರ್ಷದ ಅರ್ಧಕ್ಕಿಂತ ಕೆಳಗಿಳಿಯಿತು. ಒಂದು ಕಡೆ ರಿಯಾಯಿತಿ ಇಲ್ಲ, ಇನ್ನೊಂದು ಕಡೆ ಇಂಧನ ಅಗ್ಗ. ಸೌರ ಹೀಟರ್ ಉದ್ಯಮ ಮಲಗಿಬಿಟ್ಟಿತು. ಕಂಪನಿ ಮುಚ್ಚಿದಾಗ, ಅದು ಮಾರಿದ ಸಾಧನಗಳನ್ನು ರಿಪೇರಿ ಮಾಡುವವರೂ ಇಲ್ಲವಾದರು.

ಶ್ವೇತಭವನದ ಫಲಕಗಳನ್ನು 1986ರಲ್ಲಿ ಚಾವಣಿ ದುರಸ್ತಿಗೆಂದು ಇಳಿಸಲಾಯಿತು. ಮತ್ತೆ ಏರಿಸಲಿಲ್ಲ. ಗೋದಾಮಿನಲ್ಲಿದ್ದ ಅವನ್ನು 1990ರ ದಶಕದ ಆರಂಭದಲ್ಲಿ ಮೈನ್ ರಾಜ್ಯದ ಯೂನಿಟಿ ಕಾಲೇಜು ಕೊಂಡೊಯ್ದು ತನ್ನ ಊಟದ ಮನೆಯ ಮೇಲೆ ಕೂಡಿಸಿ ನೀರು ಕಾಯಿಸಿತು. ಅವುಗಳಲ್ಲಿ ಒಂದು ಮುಂದೆ ವಾಷಿಂಗ್‌ಟನ್ನಿನ ಸ್ಮಿತ್‌ಸೋನಿಯನ್ ಸಂಗ್ರಹಾಲಯ ಸೇರಿತು, ಇನ್ನೊಂದು ಕಾರ್ಟರ್ ಸ್ಮಾರಕ ಗ್ರಂಥಾಲಯವನ್ನು. ಅಧ್ಯಕ್ಷರು ಹೇಳಿದ ಎರಡು ಸಾಧ್ಯತೆಗಳಲ್ಲಿ ಒಂದು ಅಕ್ಷರಶಃ ನಿಜವಾಯಿತು.

ಕಳೆದುಹೋದ ವರ್ಷಕ್ಕೆ ಕಾನೂನು

ಇಪ್ಪತ್ತು ವರ್ಷ ಈ ವಿಷಯ ಮೂಲೆಯಲ್ಲಿತ್ತು. 2005ರ ಆಗಸ್ಟ್ 8ರಂದು ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್ ಸಹಿ ಹಾಕಿದ ಇಂಧನ ನೀತಿ ಕಾಯ್ದೆ ಅದನ್ನು ಮತ್ತೆ ಎಬ್ಬಿಸಿತು. ಈ ಬಾರಿ ದರ ಶೇ. 10. ಒಬ್ಬರಿಗೆ ಒಟ್ಟು 500 ಡಾಲರ್ ಮಾತ್ರ, ಅದರಲ್ಲಿ ಕಿಟಕಿಗಳಿಗೆ 200. ಸೌರ ಸಾಧನಗಳಿಗೆ ಪ್ರತ್ಯೇಕವಾಗಿ ಶೇ. 30. ಕೈ ಬಿಗಿಯಾಗಿದ್ದರೂ ದಾರಿ ತೆರೆದಂತಾಯಿತು. ಆದರೆ ಮನೆ ದುರಸ್ತಿಯ ರಿಯಾಯಿತಿಗೆ ಕೊಟ್ಟ ಆಯುಷ್ಯ ಎರಡೇ ವರ್ಷ, 2006 ಮತ್ತು 2007.

ಮುಂದಿನದು ಕಣ್ಣಾಮುಚ್ಚಾಲೆ. 2008ರಲ್ಲಿ ರಿಯಾಯಿತಿ ಇರಲಿಲ್ಲ. ಆರ್ಥಿಕ ಕುಸಿತದಿಂದ ಕಟ್ಟಡ ಕಾರ್ಮಿಕರು ಕೆಲಸ ಕಳೆದುಕೊಂಡಾಗ, 2009ರ ಫೆಬ್ರುವರಿಯಲ್ಲಿ ಒಬಾಮ ಸರ್ಕಾರ ಅದನ್ನು ಶೇ. 30ಕ್ಕೆ, ಎರಡು ವರ್ಷಕ್ಕೆ ಒಟ್ಟು 1,500 ಡಾಲರಿಗೆ ಏರಿಸಿತು. 2011ರಲ್ಲಿ ಮತ್ತೆ ಶೇ. 10, ಮತ್ತೆ 500 ಡಾಲರ್. ಆ ವರ್ಷದ ಕೊನೆಗೆ ಅವಧಿ ಮುಗಿಯಿತು. 2012 ಪೂರ್ತಿ ಕಳೆದು 2013ರ ಜನವರಿ 2ರಂದು ಬಂದ ಕಾನೂನು, ‘2012ರಲ್ಲಿ ಮಾಡಿಸಿದ ಕೆಲಸಕ್ಕೂ ರಿಯಾಯಿತಿ ಉಂಟು’ ಎಂದಿತು. 2014ರ ರಿಯಾಯಿತಿಗೆ ಸಹಿ ಬಿದ್ದುದು ಆ ವರ್ಷದ ಡಿಸೆಂಬರ್ 19ರಂದು. ಆಗ ಉಳಿದಿದ್ದುದು ಹನ್ನೆರಡು ದಿನ. 2017ರ ರಿಯಾಯಿತಿಗೆ ಸಹಿ ಬಿದ್ದುದು 2018ರ ಫೆಬ್ರುವರಿ 9ರಂದು. 2018ರದು 2019ರ ಡಿಸೆಂಬರ್ 20ರಂದು!

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ತೆರಿಗೆ ರಿಯಾಯಿತಿಯ ಉದ್ದೇಶ ಹಿಂದೆಮುಂದೆ ನೋಡುವ ಮನೆಯೊಡೆಯನನ್ನು ಕೆಲಸಕ್ಕೆ ಇಳಿಸುವುದು. ಮುಗಿದ ವರ್ಷಕ್ಕೆ ಕೊಟ್ಟ ರಿಯಾಯಿತಿ ಯಾರ ಮನಸ್ಸನ್ನೂ ಬದಲಾಯಿಸಲಾರದು. ಹೇಗೂ ಕೆಲಸ ಮಾಡಿಸಿದ್ದವನಿಗೆ ಅದು ಬಯಸದೆ ಬಂದ ಉಡುಗೊರೆ. ರಿಯಾಯಿತಿ ಸಿಗುವುದೋ ಇಲ್ಲವೋ ಎಂದು ಹಿಂಜರಿದು ಬಿಟ್ಟವನಿಗೆ ಅದು ಕೈತಪ್ಪಿದ ಅವಕಾಶ. ಕಾರ್ಟರ್ ಕಾಲದ ಕಾಯ್ದೆಯೂ ಹಿಂದಿನ ದಿನಾಂಕದಿಂದ ಜಾರಿಗೆ ಬಂದಿತ್ತು, ನಿಜ. ಆದರೆ ಅಂದು ದಿನಾಂಕವನ್ನು ಮೊದಲೇ ಸಾರಲಾಗಿತ್ತು. ಮುಂದಿನ ಏಳು ವರ್ಷದ ಭರವಸೆಯೂ ಜೊತೆಗಿತ್ತು.

ಹಲ್ಲು ಮತ್ತು ಕಡಲೆ

ಸಿಕ್ಕ ವರ್ಷಗಳಲ್ಲಾದರೂ ರಿಯಾಯಿತಿ ಯಾರ ಕೈಸೇರಿತು? ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಬರ್ಕ್ಲಿ ಶಾಖೆಯ ಅರ್ಥಶಾಸ್ತ್ರಜ್ಞರಾದ ಸೆವೆರಿನ್ ಬೊರೆನ್‌ಸ್ಟೈನ್ ಮತ್ತು ಲೂಕಾಸ್ ಡೇವಿಸ್ ತೆರಿಗೆ ದಾಖಲೆಗಳನ್ನು ಆಧರಿಸಿ 2016ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 2006ರಿಂದ ಮನೆ ದುರಸ್ತಿ, ಸೌರ ಫಲಕ, ವಿದ್ಯುತ್ ಕಾರು ಮೊದಲಾದವುಗಳಿಗೆ ಸಿಕ್ಕ ರಿಯಾಯಿತಿ 1,800 ಕೋಟಿ ಡಾಲರಿಗೂ ಹೆಚ್ಚು. ಅದರಲ್ಲಿ ಸುಮಾರು ಶೇ. 60ರಷ್ಟು ಪಾಲು ಆದಾಯದ ಏಣಿಯ ಮೇಲಿನ ಐದನೇ ಒಂದು ಭಾಗದ ಜನರಿಗೆ ಹೋಗಿತ್ತು. ಕೆಳಗಿನ ಶೇ. 60ರಷ್ಟು ಜನರಿಗೆ ಸಿಕ್ಕಿದ್ದು ಸುಮಾರು ಶೇ. 10.

ಇದರಲ್ಲಿ ಮೋಸವೇನೂ ಇಲ್ಲ. ಕಾರಣ ಕಾನೂನಿನ ರಚನೆಯಲ್ಲೇ ಇದೆ. ಮೊದಲು ಪೂರ್ತಿ ಹಣವನ್ನು ಕೈಯಿಂದ ಹಾಕಬೇಕು, ರಿಯಾಯಿತಿ ಬರುವುದು ಮುಂದಿನ ವರ್ಷ. ಕಟ್ಟಲು ತೆರಿಗೆಯೇ ಇಲ್ಲದವನಿಗೆ ಕಳೆಯಲು ಏನೂ ಇಲ್ಲ. ಸ್ವಂತ ಮನೆಯೂ ಬೇಕು. ಬಾಡಿಗೆದಾರನ ಸ್ಥಿತಿಯಂತೂ ವಿಚಿತ್ರ. ಮನೆ ಮಾಲೀಕನದು, ಚಳಿಗಾಲದ ಬಿಲ್ಲು ಬಾಡಿಗೆದಾರನದು. ಉಳಿತಾಯ ತನಗೆ ಬಾರದ ಮೇಲೆ ಮಾಲೀಕ ಅಟ್ಟಕ್ಕೇಕೆ ಹಣ ಸುರಿದಾನು? ತನ್ನದಲ್ಲದ ಮನೆಗೆ ಬಾಡಿಗೆದಾರನಾದರೂ ಏಕೆ ಸುರಿದಾನು? ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ. ತೀರ ಸೋರುವ ಮನೆಗಳಲ್ಲಿ ವಾಸಿಸುವವರು, ಆದಾಯದ ದೊಡ್ಡ ಭಾಗವನ್ನು ಇಂಧನಕ್ಕೇ ತೆರುವವರು, ಬಹುಪಾಲು ಈ ರಿಯಾಯಿತಿಯ ಹೊರಗೇ ಉಳಿದರು.

ಅವರಿಗಾಗಿ ಬೇರೊಂದು ಯೋಜನೆ ಇದ್ದೇ ಇತ್ತು. 1976ರಲ್ಲಿ ಜೆರಾಲ್ಡ್ ಫೋರ್ಡ್ ಅಧ್ಯಕ್ಷರಾಗಿದ್ದಾಗ ಆರಂಭವಾದ ಅದರಡಿ ಸರ್ಕಾರವೇ ಕೆಲಸಗಾರರನ್ನು ಕಳಿಸಿ ಬಡವರ ಮನೆಗಳ ಸಂದಿ ಮುಚ್ಚಿ, ಅಟ್ಟಕ್ಕೆ ಹೊದಿಸಿ ಕೊಡುತ್ತದೆ. ಮನೆಯವರು ಕಾಸು ಕೊಡಬೇಕಿಲ್ಲ. ಇದುವರೆಗೆ 70 ಲಕ್ಷಕ್ಕೂ ಹೆಚ್ಚು ಮನೆಗಳು ಹೀಗೆ ದುರಸ್ತಿಯಾಗಿವೆ. ಆದರೆ ಅದಕ್ಕೂ ತನ್ನದೇ ತೊಡಕುಗಳಿವೆ. ಮಿಷಿಗನ್ ರಾಜ್ಯದಲ್ಲಿ 30,000ಕ್ಕೂ ಹೆಚ್ಚು ಕುಟುಂಬಗಳನ್ನು ಒಳಗೊಂಡ, 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮನೆಬಾಗಿಲಿಗೆ ಹೋಗಿ ವಿವರಿಸಿ, ಅರ್ಜಿ ತುಂಬಲು ನೆರವಾದರೂ ಕೆಲಸ ಮಾಡಿಸಿಕೊಂಡವರು ನೂರಕ್ಕೆ ಸುಮಾರು ಆರು ಮನೆಯವರು ಮಾತ್ರ. ಇಂಧನದ ಉಳಿತಾಯವೂ ಎಂಜಿನಿಯರುಗಳು ಅಂದಾಜಿಸಿದ್ದರ ಅರ್ಧಕ್ಕಿಂತ ಕಡಿಮೆ. ಕಾಗದಪತ್ರಗಳ ಕಾಟ, ಅಪರಿಚಿತರು ಮನೆಯೊಳಗೆ ಬರುವ ಮುಜುಗರ ಇವೆಲ್ಲ ಕಾನೂನಿನ ಪುಟದಲ್ಲಿ ಕಾಣದ ಖರ್ಚುಗಳು.

ಹತ್ತು ವರ್ಷದ ಮಾತು, ಮೂರು ವರ್ಷದ ಬಾಳು

2022ರ ಆಗಸ್ಟ್ 16ರಂದು ಅಧ್ಯಕ್ಷ ಜೋ ಬೈಡನ್ ಸಹಿ ಹಾಕಿದ ಕಾಯ್ದೆ ಹಳೆಯ ತಪ್ಪುಗಳಿಂದ ಕಲಿತಂತೆ ಕಂಡಿತು. ದರ ಶೇ. 30. ಜೀವಮಾನಕ್ಕೊಮ್ಮೆ 500 ಡಾಲರ್ ಎಂಬ ಮಿತಿ ಹೋಗಿ, ಪ್ರತಿ ವರ್ಷ 1,200 ಡಾಲರ್‌ವರೆಗೆ ಪಡೆಯುವ ಅವಕಾಶ ಬಂತು. ಈ ವರ್ಷ ಕಿಟಕಿ, ಮುಂದಿನ ವರ್ಷ ಅಟ್ಟ ಎಂದು ಹಂತಹಂತವಾಗಿ ಕೆಲಸ ಮಾಡಿಸಬಹುದಿತ್ತು. ಹೀಟ್ ಪಂಪ್ ಹಾಕಿಸಿದರೆ ಪ್ರತ್ಯೇಕವಾಗಿ 2,000 ಡಾಲರ್. ಫ್ರಿಜ್ ತನ್ನ ಒಳಗಿನ ಶಾಖವನ್ನು ಹೊರಕ್ಕೆ ದಬ್ಬುವಂತೆ, ಹೊರಗಿನ ಗಾಳಿಯ ಶಾಖವನ್ನು ಎಳೆದು ಮನೆಯೊಳಕ್ಕೆ ದಬ್ಬುವ ಯಂತ್ರವಿದು. ಮನೆ ತಪಾಸಣೆ ಮಾಡಿಸಿದರೂ 150 ಡಾಲರ್. ಪ್ರಿನ್ಸ್‌ಟನ್ನಿನ ‘ಮನೆ ವೈದ್ಯ’ರಿಗೆ ಕಾನೂನಿನಲ್ಲೇ ಜಾಗ ಸಿಕ್ಕಂತಾಯಿತು. ಕಡಿಮೆ ಮತ್ತು ಮಧ್ಯಮ ಆದಾಯದವರನ್ನೂ ತಲುಪಲೆಂದು ತೆರಿಗೆಗೆ ಸಂಬಂಧವಿಲ್ಲದ ನೇರ ನೆರವಿಗೆ ಸುಮಾರು 880 ಕೋಟಿ ಡಾಲರ್ ತೆಗೆದಿಡಲಾಯಿತು. ಎಲ್ಲಕ್ಕಿಂತ ಮುಖ್ಯವಾಗಿ ಅವಧಿ 2032ರವರೆಗೆ ಎಂದು ಬರೆಯಲಾಗಿತ್ತು.

ಫಲ ಬೇಗನೆ ಕಂಡಿತು. 2023ರ ತೆರಿಗೆ ವರ್ಷದಲ್ಲಿ 34 ಲಕ್ಷ ಕುಟುಂಬಗಳು ಒಟ್ಟು 840 ಕೋಟಿ ಡಾಲರ್ ರಿಯಾಯಿತಿ ಪಡೆದವು ಎಂದು ಅಲ್ಲಿನ ಹಣಕಾಸು ಇಲಾಖೆ ಪ್ರಕಟಿಸಿತು. ಇದರಲ್ಲಿ 210 ಕೋಟಿ ಮನೆ ದುರಸ್ತಿಗೆ, 630 ಕೋಟಿ ಸೌರ ಫಲಕ ಮುಂತಾದವಕ್ಕೆ. ಪಡೆದವರಲ್ಲಿ ಸುಮಾರು ಅರ್ಧದಷ್ಟು ಮಂದಿ ವರ್ಷಕ್ಕೆ ಒಂದು ಲಕ್ಷ ಡಾಲರಿಗಿಂತ ಕಡಿಮೆ ಆದಾಯದವರು.

ಆದರೆ ಸರ್ಕಾರ ಬದಲಾಯಿತು. 2025ರ ಜುಲೈ 4ರಂದು ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಸಹಿ ಹಾಕಿದ ತೆರಿಗೆ ಕಾನೂನು ಮನೆ ದುರಸ್ತಿಯ ರಿಯಾಯಿತಿಗೂ ಮನೆಯ ಸೌರ ಫಲಕಗಳ ರಿಯಾಯಿತಿಗೂ ಆ ವರ್ಷದ ಕೊನೆಯನ್ನೇ ಗಡುವಾಗಿ ನಿಗದಿಪಡಿಸಿತು. ಇದು ಖಜಾನೆಗೆ ಹೊರೆ, ಉಳ್ಳವರಿಗೆ ಉಡುಗೊರೆ, ಯಾವುದನ್ನು ಕೊಳ್ಳಬೇಕೆಂದು ಸರ್ಕಾರ ಹೇಳಬಾರದು ಎಂಬುದು ವಿರೋಧಿಗಳ ವಾದ. ಬಿಲ್ಲು ಇಳಿಸುವ, ಹೊಗೆ ಕಡಿಮೆ ಮಾಡುವ ಕೆಲಸಕ್ಕೆ ನೀಡುವ ಹಣ ಹೂಡಿಕೆಯೇ ಹೊರತು ದಾನವಲ್ಲ ಎಂಬುದು ಬೆಂಬಲಿಗರ ವಾದ. ಎರಡರಲ್ಲೂ ಹುರುಳಿದೆ. ಆದರೆ 2032ರ ಮಾತನ್ನು ನಂಬಿ, ವರ್ಷಕ್ಕೊಂದು ಕೆಲಸದಂತೆ ಪಟ್ಟಿ ಮಾಡಿಟ್ಟಿದ್ದ ಮನೆಯೊಡೆಯನಿಗೂ, ಹುಡುಗರಿಗೆ ಕೆಲಸ ಕಲಿಸಿ ತಂಡ ಕಟ್ಟಿದ್ದ ಗುತ್ತಿಗೆದಾರನಿಗೂ ಆರೇ ತಿಂಗಳ ಗಡುವು ಉಳಿಯಿತು. ಹತ್ತು ವರ್ಷದ ಮಾತು ಬಾಳಿದ್ದು ಮೂರು ವರ್ಷ.

ನಮ್ಮ ಬಚ್ಚಲ ಮನೆಯವರೆಗೆ

ಚಳಿಗೆ ಮನೆ ಕಾಯಿಸುವ ತಾಪತ್ರಯ ಕರ್ನಾಟಕಕ್ಕಿಲ್ಲ. ಇಲ್ಲಿ ಕಾಯಬೇಕಾದುದು ಸ್ನಾನದ ನೀರು. ಸೌದೆಯ ಹಂಡೆ ಹೋಗಿ ವಿದ್ಯುತ್ ಗೀಸರ್ ಬಂದಾಗ ಬೆಳಗಿನ ಹೊತ್ತು ವಿದ್ಯುತ್ ಜಾಲದ ಮೇಲೆ ಭಾರ ಏರಿತು. ಅದನ್ನು ತಗ್ಗಿಸಲು ಇಲ್ಲಿ ಹಿಡಿದ ದಾರಿ ಆದಾಯ ತೆರಿಗೆಯದಲ್ಲ, ಕರೆಂಟ್ ಬಿಲ್ಲಿನದು. ಸೋಲಾರ್ ವಾಟರ್ ಹೀಟರ್ ಇದ್ದ ಮನೆಗೆ ಯೂನಿಟ್ಟಿಗೆ 50 ಪೈಸೆಯಂತೆ, ತಿಂಗಳಿಗೆ ಗರಿಷ್ಠ 50 ರೂಪಾಯಿ ರಿಯಾಯಿತಿ ಬಂತು. 2007ರಲ್ಲಿ ರಾಜ್ಯ ಸರ್ಕಾರ ಹೊಸ ಕಟ್ಟಡಗಳಿಗೆ ಸೋಲಾರ್ ಹೀಟರನ್ನು ಕಡ್ಡಾಯ ಮಾಡಿತು. 50 ರೂಪಾಯಿ ದೊಡ್ಡ ಮೊತ್ತವಲ್ಲ. ಆದರೆ ಬಿಲ್ಲು ಬರುವ ಯಾವ ಮನೆಗೂ ಅದು ಸಿಗುತ್ತಿತ್ತು, ಆದಾಯ ತೆರಿಗೆ ಕಟ್ಟುತ್ತೀರಾ ಎಂದು ಯಾರೂ ಕೇಳುತ್ತಿರಲಿಲ್ಲ, ವರ್ಷವರ್ಷ ಮಾಯವಾಗುತ್ತಲೂ ಇರಲಿಲ್ಲ. ಬೆಂಗಳೂರಿನ ತಾರಸಿಗಳ ಮೇಲೆ ಸಾಲುಸಾಲಾಗಿ ಕಾಣುವ ಹೀಟರುಗಳ ಹಿಂದೆ ಈ ಸಣ್ಣ, ಸ್ಥಿರ ನಿಯಮಗಳ ಪಾಲೂ ಇದೆ.

ಆದರೆ ಇಲ್ಲೂ ಪ್ರಶ್ನೆಗಳಿವೆ. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಬಿಲ್ಲೇ ಸೊನ್ನೆಯಾದ ಮನೆಗೆ ಬಿಲ್ಲಿನ ರಿಯಾಯಿತಿ ಆಕರ್ಷಣೆಯಾಗದು; ಅಮೆರಿಕದಲ್ಲಿ ತೆರಿಗೆ ಇಲ್ಲದವನಿಗೆ ತೆರಿಗೆ ರಿಯಾಯಿತಿ ದಕ್ಕದಂತೆ. ಕೇಂದ್ರ ಸರ್ಕಾರ 2024ರ ಫೆಬ್ರುವರಿಯಲ್ಲಿ ಆರಂಭಿಸಿದ ಸೂರ್ಯಘರ್ ಯೋಜನೆ ತಾರಸಿಯ ಸೌರ ಫಲಕಗಳಿಗೆ 78,000 ರೂಪಾಯಿವರೆಗೆ ಸಹಾಯಧನವನ್ನು ನೇರವಾಗಿ ಬ್ಯಾಂಕ್ ಖಾತೆಗೆ ಹಾಕುತ್ತದೆ. ಒಂದು ಕೋಟಿ ಮನೆಗಳ ಗುರಿ ಅದರದು. ತೆರಿಗೆಯ ಷರತ್ತು ಇಲ್ಲಿಲ್ಲ. ಆದರೆ ಸ್ವಂತ ತಾರಸಿ ಇಲ್ಲದ ಬಾಡಿಗೆದಾರ ಇಲ್ಲೂ ಹೊರಗೇ ನಿಂತಿದ್ದಾನೆ.

ಉಣ್ಣೆಯ ಸ್ವೆಟರ್ ತೊಟ್ಟು ಕಾರ್ಟರ್ ಮಾತನಾಡಿ ಐವತ್ತು ವರ್ಷಗಳಾಗುತ್ತ ಬಂದವು. ಅವರು 2024ರ ಡಿಸೆಂಬರ್‌ನಲ್ಲಿ, ನೂರು ವರ್ಷ ತುಂಬಿದ ಮೇಲೆ, ತೀರಿಕೊಂಡರು. 1978ರಿಂದ 1985ರ ನಡುವೆ 300 ಡಾಲರಿನ ಆಸೆಗೆ ಅಟ್ಟಕ್ಕೆ ಹೊದಿಸಿದ ಹೊದಿಕೆ ಇಂದಿಗೂ ಎಷ್ಟೋ ಮನೆಗಳಲ್ಲಿ ತನ್ನ ಕೆಲಸ ಮಾಡುತ್ತಿದೆ. ಅದಕ್ಕೆ ಅಧ್ಯಕ್ಷರು ಬದಲಾದದ್ದು ತಿಳಿಯದು, ಕಾನೂನು ಸತ್ತದ್ದೂ ತಿಳಿಯದು. ಆ ರಿಯಾಯಿತಿ ಮುಟ್ಟದ ಮನೆಗಳಲ್ಲಿ ಮಾತ್ರ ಪ್ರತಿ ಚಳಿಗಾಲವೂ ಕಾಸಿದ ಗಾಳಿ ಅದೇ ಕಳ್ಳದಾರಿಯಲ್ಲಿ ಆಕಾಶ ಸೇರುತ್ತಿದೆ. ಬಿಲ್ಲು ಬಡವನ ಬಾಗಿಲಿಗೆ ಬರುತ್ತಿದೆ.